ಐದನೆಯ ವಲಯದ ಪ್ರೇಕ್ಷಕ

ನಮ್ಮ ಪುರಾಣಕಾರರು ಭೂಮಂಡಲವನ್ನು ಏಳು ದ್ವೀಪಗಳಾಗಿ ಹಂಚಿದರು. ನಡುವೆ ಜಂಬೂದ್ವೀಪ, ಅದರ ಸುತ್ತ ಉಪ್ಪುನೀರಿನ ಕಡಲು. ಅದರಾಚೆ ಪ್ಲಕ್ಷದ್ವೀಪ, ಅದರ ಸುತ್ತ ಕಬ್ಬಿನ ಹಾಲಿನ ಕಡಲು. ಹೀಗೆ ತುಪ್ಪ ಮೊಸರು ಹಾಲುಗಳ ಕಡಲನ್ನು ದಾಟಿಕೊಂಡು ಆ ವರ್ಣನೆ ಸಾಗುತ್ತದೆ. ಕಬ್ಬಿನ ಹಾಲಿನ ಕಡಲೆಂದರೆ ಅಥಣಿ, ರಾಯಬಾಗ, ಉಗಾರದ ಕಡೆಯವರಿಗೆ ಅಷ್ಟೇನೂ ಸೋಜಿಗವಾಗಲಾರದು. ಕಾರ್ಖಾನೆಗಳು ಹೊಗೆ ಉಗುಳುವ ತಿಂಗಳುಗಳಲ್ಲಿ ಅವರು ಅದರ ದಂಡೆಯ ಮೇಲೆಯೇ ವಾಸವಾಗಿರುತ್ತಾರೆ. ಆದರೆ ಒಂದು ದ್ವೀಪದವನು ಇನ್ನೊಂದು ದ್ವೀಪದ ಸರಕನ್ನು ಮನೆಗೆ ತಂದರೂ ಭೋಗಿಸಲಾಗದು ಎಂಬ ವಿಧಿಯನ್ನು ಯಾವ ಪುರಾಣಕಾರನೂ ಬರೆದಿಟ್ಟ ನೆನಪು ನನಗಿಲ್ಲ. ಆ ವಿಧಿಯನ್ನು ಬರೆದವರು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಚಲಚ್ಚಿತ್ರವನ್ನು ತಟ್ಟೆಯ ರೂಪದಲ್ಲಿ ಮಾರಹೊರಟ ವ್ಯಾಪಾರಿಗಳು.

ಡಿವಿಡಿ ಎಂಬ ೧೨ ಸೆಂಟಿಮೀಟರ್ ಅಗಲದ ತಟ್ಟೆ ಜಪಾನಿನ ಪೇಟೆಗೆ ಬಂದದ್ದು ೧೯೯೬ರ ನವೆಂಬರಿನಲ್ಲಿ. ಅಮೆರಿಕಕ್ಕೆ ೧೯೯೭ರ ಮಾರ್ಚಿನಲ್ಲಿ. ಬರುವಾಗಲೇ ಅದು ಭೂಮಿಯನ್ನು ಆರು ವಲಯಗಳಾಗಿ ಒಡೆದುಕೊಂಡು ಬಂದಿತು. ಅಮೆರಿಕ ಮತ್ತು ಕೆನಡಾ ಒಂದನೆಯ ವಲಯ. ಪಶ್ಚಿಮ ಯುರೋಪು, ಜಪಾನು, ಅರಬ ದೇಶಗಳು, ದಕ್ಷಿಣ ಆಫ್ರಿಕ ಎರಡನೆಯದು. ಆಗ್ನೇಯ ಏಶಿಯ, ಹಾಂಗ್‌ಕಾಂಗ್, ದಕ್ಷಿಣ ಕೊರಿಯ ಮೂರನೆಯದು. ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಅಮೆರಿಕ ನಾಲ್ಕನೆಯದು. ಚೀನಕ್ಕೆ ಆರನೆಯದು ಪೂರ್ತಿಯಾಗಿ ಮೀಸಲು. ಏಳನೆಯದನ್ನು ಯಾರಿಗೂ ಕೊಡದೆ ಕಾದಿರಿಸಿದರು. ಎಂಟನೆಯದು ವಿಮಾನ ಹಡಗುಗಳಿಗೆ, ಅಂದರೆ ತ್ರಿಶಂಕುಗಳಿಗೆ. ಉಳಿದವರು ನಾವು, ಐದನೆಯವರು. ರಶಿಯ, ಮಂಗೋಲಿಯ, ಉತ್ತರ ಕೊರಿಯ, ಆಫ್ರಿಕಾ ಖಂಡದ ಬಹುಭಾಗ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳೊಡನೆ ಭಾರತವೂ ಈ ಪಂಕ್ತಿಯಲ್ಲಿ ಕುಳಿತಿದೆ. ಇವರೆಲ್ಲರನ್ನೂ ಒಂದುಗೂಡಿಸುವ ಭಾಷೆಯಾಗಲಿ ಧರ್ಮವಾಗಲಿ ರಾಜನೀತಿಯಾಗಲಿ ಇಲ್ಲ. ಒಳ್ಳೆಯ ಬೆಲೆ ಬರಲಾರದ ಗಿರಾಕಿಗಳೆಂಬ ಒಂದೇ ಲಕ್ಷಣ ಇವರಿಗೆ ಸಮಾನವೆಂದು ಹಂಚಿದವರು ಭಾವಿಸಿದ್ದರೋ ಏನೋ.

ಕಾರಣವನ್ನು ಅವರು ಮುಚ್ಚಿಡಲಿಲ್ಲ. ಆ ಕಾಲದಲ್ಲಿ ಅಮೆರಿಕದ ಚಿತ್ರವೊಂದು ಮೊದಲು ಅಲ್ಲಿ ತೆರೆಕಂಡು, ತಿಂಗಳುಗಳು ಕಳೆದ ಮೇಲೆ ಇತರ ದೇಶಗಳಿಗೆ ಬರುತ್ತಿತ್ತು. ಅಷ್ಟರಲ್ಲಿ ಅಲ್ಲಿಯ ತಟ್ಟೆ ಇಲ್ಲಿಗೆ ಬಂದುಬಿಟ್ಟರೆ ಚಿತ್ರಮಂದಿರದವನು ಬಾಗಿಲು ಹಾಕಬೇಕು. ಅಲ್ಲದೆ ಒಂದೇ ಚಿತ್ರದ ಹಕ್ಕನ್ನು ಒಂದೊಂದು ದೇಶದಲ್ಲಿ ಒಬ್ಬೊಬ್ಬನಿಗೆ ಮಾರುವುದು, ಒಂದೊಂದು ಕಡೆ ಒಂದೊಂದು ಬೆಲೆ ಕಟ್ಟುವುದು ಅವರ ಪದ್ಧತಿ. ಆದಕಾರಣ ತಟ್ಟೆಯ ಮೇಲೊಂದು ಗುರುತು, ಯಂತ್ರದೊಳಗೊಂದು ಗುರುತು. ಎರಡೂ ಹೊಂದಿದರೆ ಚಿತ್ರ ಮೂಡುತ್ತದೆ, ಇಲ್ಲವಾದರೆ ನೀಲಿ ಪರದೆಯ ಮೇಲೆ ಒಂದು ಸಾಲಿನ ನಿರಾಕರಣೆ. ಹೊಸ ಚಿತ್ರಗಳ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ೧೯೫೩ರಲ್ಲಿ ತಯಾರಾದ ಜಪಾನೀ ಚಿತ್ರವೊಂದು ಚಿಕ್ಕೋಡಿಯ ಯಾವ ಚಿತ್ರಮಂದಿರದ ಗಲ್ಲಾಪೆಟ್ಟಿಗೆಗೆ ನಷ್ಟ ತರಬಲ್ಲುದೆಂಬುದು ಮಾತ್ರ ನನಗೆ ಇಂದಿಗೂ ಬಗೆಹರಿದಿಲ್ಲ.

ಗಡಿಗೆರೆಗಳು ಈ ನಾಡಿಗೆ ಹೊಸವಲ್ಲ. ರಾಯಬಾಗ ಕೊಲ್ಲಾಪುರದ ಸಂಸ್ಥಾನಕ್ಕೆ ಸೇರಿತ್ತು. ಚಿಕ್ಕೋಡಿ, ಅಥಣಿಗಳು ಮುಂಬಯಿ ಸರಕಾರದ ತಾಲೂಕುಗಳು. ೧೯೫೬ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು; ನಿಪ್ಪಾಣಿ, ಕಾಗವಾಡಗಳು ಸ್ವತಂತ್ರ ತಾಲೂಕುಗಳಾದದ್ದು ತೀರ ಈಚೆಗೆ. ಆದರೆ ಈ ಗೆರೆಗಳಲ್ಲಿ ಒಂದೂ ಬೋಲಪಟವನ್ನು ತಡೆದು ನಿಲ್ಲಿಸಲಿಲ್ಲ. (ಸಿನಿಮಾಕ್ಕೆ ನಮ್ಮ ಕಡೆಯ ಹಿರಿಯರ ಮಾತು ಅದು, ಬೋಲಪಟ.) ೧೯೨೯ರಲ್ಲಿ ಪ್ರಭಾತ ಕಂಪನಿ ಹುಟ್ಟಿದ್ದು ಕೊಲ್ಲಾಪುರದಲ್ಲಿ, ೧೯೩೩ರಲ್ಲಿ ಅದು ಪುಣೆಗೆ ಹೋಯಿತು. ಅದರ ‘ಸಂತ ತುಕಾರಾಮ’ ೧೯೩೬ರ ಚಿತ್ರ, ಮರುವರ್ಷ ವೆನಿಸ್ಸಿನ ಉತ್ಸವದಲ್ಲಿ ಮನ್ನಣೆ ಪಡೆಯಿತು. ಇಂಥ ಚಿತ್ರಗಳನ್ನು ಮರಾಠಿ ಬಲ್ಲವರೂ ಬಾರದವರೂ ಒಂದೇ ಚಾಪೆಯ ಮೇಲೆ ಕುಳಿತು ನೋಡಿದ ಊರುಗಳಿವು. ಫಿಲ್ಮಿನ ಸುರುಳಿಗೆ ವಲಯವಿರಲಿಲ್ಲ. ೩೫ ಮಿಲಿಮೀಟರ್ ಅಗಲ, ಅಂಚಿನಲ್ಲಿ ಚೌಕಕ್ಕೆ ನಾಲ್ಕು ರಂಧ್ರ. ೧೯೦೯ರಲ್ಲಿ ಪ್ಯಾರಿಸ್ಸಿನಲ್ಲಿ ನಿರ್ಮಾಪಕರು ಕೂಡಿ ಒಪ್ಪಿದ ಆ ಅಳತೆ ಜಗತ್ತಿನೆಲ್ಲೆಡೆ ಒಂದೇ ಆಗಿತ್ತು. ಟೋಕಿಯೋದ ಸುರುಳಿಯನ್ನು ತಂದು ಜಾತ್ರೆಯ ತಂಬುವಿನ ಯಂತ್ರಕ್ಕೆ ಏರಿಸಿದ್ದರೆ ಅದು ಮರುಮಾತಿಲ್ಲದೆ ಓಡುತ್ತಿತ್ತು.

ನಾನು ಧಾರವಾಡದಲ್ಲಿ ಎಂ. ಎ. ಮುಗಿಸಿ ಇಲ್ಲಿಗೆ ಬಂದು ಕಾಲೇಜಿಗೆ ಸೇರಿದ ಹೊಸದರಲ್ಲಿ ಮನೆಮನೆಗಳಲ್ಲಿ ವಿಸಿಡಿಗಳ ಕಾಲ. ಅದಕ್ಕೆ ವಲಯದ ಬೀಗವಿರಲಿಲ್ಲ. ಚಿತ್ರದ ಅಂದವೂ ಇರಲಿಲ್ಲ. ೨೦೦೭ರ ಸುಮಾರಿಗೆ ಮೋಸರ್ ಬೇರ್ ಎಂಬ ದಿಲ್ಲಿಯ ಸಂಸ್ಥೆ ೨೮ ರೂಪಾಯಿಗೆ ವಿಸಿಡಿ, ೩೪ ರೂಪಾಯಿಗೆ ಡಿವಿಡಿ ಮಾರತೊಡಗಿದಾಗ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಪಂಚಾಂಗದ ಪಕ್ಕದಲ್ಲಿಯೇ ಸಿನಿಮಾ ತೂಗಾಡುವಂತಾಯಿತು. ನಾನೂ ಒಂದು ಯಂತ್ರವನ್ನು ಕೊಂಡೆ. ಆ ವರ್ಷವೇ ನಮ್ಮ ಕಾಲೇಜಿನಲ್ಲಿ ಓದಿ, ಮುಂದೆ ಯಂತ್ರವಿದ್ಯೆ ಕಲಿತು ಅಮೆರಿಕಕ್ಕೆ ಹೋಗಿದ್ದ ಕಾಗವಾಡದ ಹುಡುಗನೊಬ್ಬ ರಜೆಗೆ ಬಂದವನು, “ಸರ, ನೀವು ಕ್ಲಾಸಿನ್ಯಾಗ ಇವರ ಹೆಸರ ಹೇಳ್ತಿದ್ರಿ” ಎಂದು ನಾಲ್ಕು ತಟ್ಟೆಗಳನ್ನು ನನ್ನ ಕೈಯಲ್ಲಿಟ್ಟ. ಓಝು, ಕುರೊಸಾವ, ಡಿ ಸಿಕಾ. ಇಪ್ಪತ್ತು ವರ್ಷಗಳಿಂದ ಪುಸ್ತಕದ ಪುಟಗಳಲ್ಲಿ ಮಾತ್ರ ಕಂಡ ಹೆಸರುಗಳು ಮಡಿಲಿಗೆ ಬಂದು ಬಿದ್ದಂತಾಯಿತು. ಪ್ರತಿಯೊಂದರ ಬೆನ್ನ ಮೇಲೂ ಪುಟ್ಟ ಭೂಗೋಳದ ಚಿತ್ರ, ಅದರೊಳಗೆ ೧ ಎಂಬ ಅಂಕೆ. ಯಂತ್ರಕ್ಕೆ ಹಾಕಿದರೆ, ನಿಮ್ಮ ವಲಯದಲ್ಲಿ ಇದನ್ನು ಆಡಿಸಲಾಗದು ಎಂಬ ಉತ್ತರ. ದುಡ್ಡು ಕೊಟ್ಟು ಕೊಂಡ ತಟ್ಟೆ, ದುಡ್ಡು ಕೊಟ್ಟು ಕೊಂಡ ಯಂತ್ರ. ನಡುವೆ ಇಂಥದೊಂದು ಅಸ್ಪೃಶ್ಯತೆ.

ದಾರಿ ತೋರಿಸಿದವನು ನಿಪ್ಪಾಣಿಯ ರಿಪೇರಿ ಅಂಗಡಿಯ ತರುಣ. ಹೆದ್ದಾರಿಯ ಮೇಲಿರುವ ಆ ಊರಿಗೆ ಪುಣೆಯ ವಿದ್ಯೆಗಳೆಲ್ಲ ನಮಗಿಂತ ಮೊದಲು ಬರುತ್ತವೆ. ಯಂತ್ರವನ್ನು ಬಿಚ್ಚುವನೆಂದು ನಾನು ಕಾಯುತ್ತಿದ್ದರೆ ಆತ ತಿರುಪುಳಿಯನ್ನೇ ಮುಟ್ಟಲಿಲ್ಲ. ತಟ್ಟೆಯ ಬಾಯಿಯನ್ನು ತೆರೆದಿಟ್ಟು, ರಿಮೋಟಿನ ಮೇಲೆ ನಾಲ್ಕೈದು ಅಂಕೆಗಳನ್ನು ಒತ್ತಿದ. ಪರದೆಯ ಮೇಲೆ ಕೈಪಿಡಿಯಲ್ಲಿ ಎಲ್ಲಿಯೂ ಕಾಣದ ಯಾದಿಯೊಂದು ಮೂಡಿತು. ಅದರಲ್ಲಿ ೫ ಎಂದಿದ್ದುದನ್ನು ೦ ಮಾಡಿದ. “ಮಶೀನು ಎಲ್ಲಾ ದೇಶಕ್ಕೂ ಒಂದೇ ಐತ್ರಿ ಸರ. ಬೀಗ ಅಷ್ಟ ಬ್ಯಾರೆ ಬ್ಯಾರೆ ಹಾಕಿ ಕಳಸ್ತಾರ,” ಎಂದ. ಚಹಾದ ಹೊರತು ಬೇರೇನನ್ನೂ ತೆಗೆದುಕೊಳ್ಳಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜ. ಕಾರ್ಖಾನೆಯವರಿಗೆ ದೇಶಕ್ಕೊಂದು ಯಂತ್ರವನ್ನು ಕಟ್ಟುವುದು ದುಬಾರಿ. ಒಂದೇ ಯಂತ್ರವನ್ನು ಕಟ್ಟಿ, ಕಡೆಗೆ ಒಂದು ಅಂಕೆಯನ್ನು ಬರೆದು ಹಡಗಿಗೇರಿಸುತ್ತಾರೆ. ಆ ಅಂಕೆಯನ್ನು ತಿದ್ದುವ ಕೀಲನ್ನು ತಮ್ಮ ಕೆಲಸಗಾರರ ಸಲುವಾಗಿ ಒಳಗೇ ಬಿಟ್ಟಿರುತ್ತಾರೆ. ಮಾದರಿಯಿಂದ ಮಾದರಿಗೆ ಕೀಲು ಬೇರೆಯಾದ್ದರಿಂದ ಅಂಕೆಗಳನ್ನು ಇಲ್ಲಿ ಬರೆದು ಪ್ರಯೋಜನವಿಲ್ಲ. ಕೆಲವು ಯಂತ್ರಗಳಿಗೆ ಕೀಲೇ ಇರುವುದಿಲ್ಲ. ಕಂಪ್ಯೂಟರಿನೊಳಗಿನ ಓದುಗವಂತೂ ಇನ್ನೂ ನಿಷ್ಠುರ. ಅದರಲ್ಲಿ ವಲಯವನ್ನು ಐದು ಸಲ ಬದಲಿಸಬಹುದು. ಐದನೆಯ ಸಲ ಎಲ್ಲಿ ನಿಂತಿತೋ ಅಲ್ಲಿಗೇ ಅದರ ಪೌರತ್ವ ಸ್ಥಿರವಾಗುತ್ತದೆ.

ಇದು ಕಳ್ಳತನವಲ್ಲವೇ ಎಂದು ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಒಮ್ಮೆ ಕೇಳಿದರು. ಪ್ರಶ್ನೆ ಯೋಗ್ಯವಾದದ್ದು. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ ೨೦೧೨ರಲ್ಲಿ ಬಂದ ತಿದ್ದುಪಡಿಯಲ್ಲಿ ೬೫ಎ ಎಂಬ ಕಲಮು ಇದೆ. ತಾಂತ್ರಿಕ ರಕ್ಷೆಯನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸುತ್ತದೆ. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶದಿಂದ ಮುರಿದರೆ ಎಂಬ ಮಾತನ್ನು ಕಲಮು ಮೊದಲೇ ಸೇರಿಸಿದೆ. ಅಸಲು ತಟ್ಟೆಯನ್ನು ಅಸಲು ಬೆಲೆಗೆ ಕೊಂಡು ಮನೆಯಲ್ಲಿ ನೋಡುವವನಿಗೆ ಆ ಉದ್ದೇಶವೆಲ್ಲಿಯದು? ಪ್ರತಿಗಳನ್ನು ಮಾಡಿ ಮಾರಿದರೆ, ಟಿಕೇಟಿಟ್ಟು ತೋರಿಸಿದರೆ ಅದು ಬೇರೆ ಮಾತು. ನಾರ್ವೆ ದೇಶದಲ್ಲಿ ಇದಕ್ಕೆ ಹತ್ತಿರದ ಮೊಕದ್ದಮೆಯೇ ನಡೆಯಿತು. ೧೯೯೯ರಲ್ಲಿ ತಟ್ಟೆಯ ಗೂಢಲಿಪಿಯನ್ನು ಬಿಡಿಸುವ ಕ್ರಮವಿಧಿಯನ್ನು ಪ್ರಕಟಿಸಿದವರಲ್ಲಿ ಯೋನ್ ಯೊಹಾನ್ಸೆನ್ ಎಂಬ ಹುಡುಗನೊಬ್ಬನಿದ್ದ, ವಯಸ್ಸು ಹದಿನೈದು. ತಾನು ಕೊಂಡ ತಟ್ಟೆಯನ್ನು ನೋಡುವ ಅಧಿಕಾರ ಕೊಂಡವನಿಗಿದೆ ಎಂದು ೨೦೦೩ರಲ್ಲಿ ಕೆಳಗಿನ ನ್ಯಾಯಾಲಯವೂ ಮೇಲಿನ ನ್ಯಾಯಾಲಯವೂ ಅವನನ್ನು ಬಿಡುಗಡೆ ಮಾಡಿದವು. ದೊಡ್ಡವರಿಗೂ ಈ ಪಾಡು ತಪ್ಪಿದ್ದಲ್ಲ. ೨೦೦೯ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅವರು ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ ಅವರಿಗೆ ೨೫ ಶ್ರೇಷ್ಠ ಚಿತ್ರಗಳ ತಟ್ಟೆಗಳನ್ನು ಉಡುಗೊರೆಯಾಗಿ ಕೊಟ್ಟರು. ಅವು ಒಂದನೆಯ ವಲಯದವಾದ್ದರಿಂದ ಲಂಡನ್ನಿನಲ್ಲಿ ಓಡಲಿಲ್ಲವೆಂದು ಅಲ್ಲಿಯ ಪತ್ರಿಕೆಗಳು ಬರೆದು ನಕ್ಕವು. ಪಾಪ, ಅವರಿಗೆ ನಿಪ್ಪಾಣಿಯ ಪರಿಚಯವಿರಲಿಲ್ಲ.

ಬೀಗ ತೆರೆದರೂ ಒಂದು ತೊಡಕು ಉಳಿಯುತ್ತದೆ. ಅಮೆರಿಕ ಜಪಾನುಗಳ ದೂರದರ್ಶನದ ಚಿತ್ರಕ್ಕೆ ೫೨೫ ಗೆರೆ. ನಮ್ಮದಕ್ಕೂ ಯುರೋಪಿನದಕ್ಕೂ ೬೨೫. ಹಳೆಯ ಪೆಟ್ಟಿಗೆಗಳಲ್ಲಿ ಅಮೆರಿಕದ ತಟ್ಟೆ ಬಣ್ಣ ಕಳೆದುಕೊಂಡು ಗಿರಗಟ್ಟೆಯಂತೆ ತಿರುಗುತ್ತಿತ್ತು. ಈಗಿನವು ಎರಡನ್ನೂ ಅರಗಿಸಿಕೊಳ್ಳುತ್ತವೆ. ಯುರೋಪಿನ ತಟ್ಟೆಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿತ್ರವನ್ನು ತೆಗೆಯುವುದು ಸೆಕೆಂಡಿಗೆ ೨೪ ಚೌಕದಂತೆ. ಆ ಪದ್ಧತಿಯಲ್ಲಿ ಓಡಿಸುವುದು ೨೫ರಂತೆ. ಹೀಗಾಗಿ ೧೩೬ ನಿಮಿಷದ ಚಿತ್ರ ಐದು ನಿಮಿಷಕ್ಕೂ ಹೆಚ್ಚು ಮೊದಲೇ ಮುಗಿದುಹೋಗುತ್ತದೆ. ಧ್ವನಿಯನ್ನು ಸರಿಪಡಿಸದೆ ಬಿಟ್ಟಿದ್ದರೆ ಶ್ರುತಿಯೂ ಏರುತ್ತದೆ, ಕೋಮಲ ರಿಷಭಕ್ಕೂ ಶುದ್ಧ ರಿಷಭಕ್ಕೂ ಇರುವ ಅಂತರದ ಮುಕ್ಕಾಲು ಪಾಲಿಗೆ ತುಸು ಕಡಿಮೆ. ಭಜನೆಗೆ ಪೇಟಿ ಬಾರಿಸುವ ನಮ್ಮ ಓಣಿಯ ಹಿರಿಯರೊಬ್ಬರು ಒಂದೇ ಚಿತ್ರದ ಎರಡು ತಟ್ಟೆಗಳನ್ನು ಕೇಳಿ, “ಮಾಸ್ತರ, ಈ ಬಾಯಿ ಅವತ್ತಿಗಿಂತ ಇವತ್ತ ಮ್ಯಾಲಿನ ಪಟ್ಟಿಯೊಳಗ ಹಾಡ್ಯಾಳಲ್ರಿ” ಎಂದಾಗ ನಾನು ಬೆರಗಾದೆ. ಗೆರೆಗಳ ಲೆಕ್ಕ ಅವರಿಗೆ ಗೊತ್ತಿರಲಿಲ್ಲ, ಕಿವಿ ಗೊತ್ತಿತ್ತು.

ನಾನು ನಿಜವಾಗಿ ಹೇಳಬೇಕೆಂದಿರುವುದು ಓಝುವಿನ ‘ಟೋಕಿಯೋ ಸ್ಟೋರಿ’ಯ ಸಂಗತಿ; ೧೯೫೩ರ ಚಿತ್ರ. ಕಥೆ ಇಷ್ಟೇ: ಓನೊಮಿಚಿ ಎಂಬ ಸಮುದ್ರದಂಡೆಯ ಊರಿನ ಮುದುಕ ಮುದುಕಿಯರು ಮಕ್ಕಳನ್ನು ನೋಡಲು ಟೋಕಿಯೋಕ್ಕೆ ಹೋಗುತ್ತಾರೆ. ಹಿರಿಯ ಮಗ ವೈದ್ಯ, ಮಗಳು ಕೇಶಾಲಂಕಾರದ ಅಂಗಡಿಯವಳು, ಇಬ್ಬರಿಗೂ ಪುರಸತ್ತಿಲ್ಲ. ಯುದ್ಧದಲ್ಲಿ ಸತ್ತ ಎರಡನೆಯ ಮಗನ ಹೆಂಡತಿ ನೊರಿಕೊ ಒಬ್ಬಳೇ, ಕಚೇರಿಗೆ ರಜೆ ಹಾಕಿ ಅವರಿಗೆ ಊರು ತೋರಿಸುತ್ತಾಳೆ. ತನ್ನ ಒಂದು ಕೋಣೆಯ ಬಿಡಾರಕ್ಕೆ ಕರೆದು ನೆರೆಮನೆಯಿಂದ ಕಡ ತಂದು ಉಪಚರಿಸುತ್ತಾಳೆ. ಮುದುಕಿ ಊರಿಗೆ ಮರಳಿದೊಡನೆ ಹಾಸಿಗೆ ಹಿಡಿದು ತೀರಿಕೊಳ್ಳುತ್ತಾಳೆ. ಈ ಚಿತ್ರವನ್ನು ನನ್ನ ತಾಯಿಯವರಿಗೆ ತೋರಿಸಬೇಕೆನಿಸಿತು. ಅವರಿಗೆ ಇಂಗ್ಲಿಷ್ ಬಾರದು. ನಾನೇ ಪಕ್ಕದಲ್ಲಿ ಕುಳಿತು ಅಡಿಬರಹವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ನೆರೆಮನೆಯ ಕಾಕೂ ಕೂಡ ಬಂದು ಕುಳಿತರು. ಅವರು ಮರಾಠಿ ಮನೆತನದವರು; ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಬಹುಕಾಲ ದುಡಿದವರು. ನಡುವೆ ಎರಡು ಸಲ ಕರೆಂಟು ಹೋಗಿ ಬಂದಿತು. ಇಬ್ಬರೂ ಏಳಲಿಲ್ಲ.

ಅರ್ಧ ಚಿತ್ರ ಮುಗಿಯುವವರೆಗೂ ಅವ್ವ ನೊರಿಕೊಳನ್ನು ಆ ಮುದುಕಿಯ ಮಗಳೆಂದೇ ತಿಳಿದಿದ್ದಳು. ಕಾರಣ ಸ್ಪಷ್ಟ. ನೊರಿಕೊ ಅತ್ತೆಯನ್ನು ತಾಯಿಯೆಂದೇ ಕರೆಯುತ್ತಾಳೆ, ಅಡಿಬರಹವೂ ಹಾಗೆಯೇ, ನಾನೂ ಅದನ್ನು ಅವ್ವಾ ಎಂದು ಹೇಳುತ್ತ ಬಂದೆ. ನಮ್ಮ ಮನೆಗಳಲ್ಲಿ ಸೊಸೆಯಾದವಳು ಅತ್ತೀ ಎನ್ನುತ್ತಾಳೆಯೇ ಹೊರತು ಅವ್ವಾ ಎನ್ನುವುದಿಲ್ಲ. “ಈ ಸಣ್ಣ ಮಗಳು ಭಾಳ ಚಲೋ ಅದಾಳ ನೋಡು” ಎಂದು ಅವ್ವ ಅಂದಾಗ ಉತ್ತರ ಕೊಟ್ಟವರು ಕಾಕೂ. “ಮಗಳಲ್ರಿ ಅಕ್ಕಾ, ಸೊಸಿ. ನಮ್ಮ ಮನ್ಯಾಗ ನಾನೂ ಅತ್ತಿಗೆ ಆಯಿ ಅಂತಿದ್ದೆ,” ಎಂದರು. ಮರಾಠಿಯ ಒಂದು ರೂಢಿ ಜಪಾನೀ ಮನೆಯೊಂದರ ಬಾಗಿಲನ್ನು ತೆರೆಯಿತು. ಆ ಬಾಗಿಲಿನಿಂದ ಕನ್ನಡದವರು ಒಳಗೆ ಹೋದರು. ಗಡಿನಾಡಿನಲ್ಲಿ ಹುಟ್ಟಿದ್ದರ ಲಾಭವೇನೆಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಳುವವನು.

ಸೊಸೆಯೆಂದು ತಿಳಿದ ಮೇಲೆ ಅವ್ವ ಸುಮ್ಮನಾದಳು. ಅಲ್ಲಿಯವರೆಗೆ ಚಿತ್ರ ಒಳ್ಳೆಯ ಮಗಳ ಕಥೆಯಾಗಿತ್ತು. ಈಗ ಲೆಕ್ಕ ಬೇರೆಯಾಯಿತು. ಮಣ್ಣು ಮಾಡಿ ಬಂದು ಊಟಕ್ಕೆ ಕುಳಿತಾಗ ಹೊಟ್ಟೆಯಲ್ಲಿ ಹುಟ್ಟಿದ ಮಗಳು ತಾಯಿಯ ಉಡುಪುಗಳನ್ನು ನೆನಪಿಗೆಂದು ಕೇಳುವ ಒಂದು ಸಂದರ್ಭವಿದೆ. ಅದನ್ನು ನಾನು ಹೇಳಬೇಕಾಗಲಿಲ್ಲ. “ಸೀರಿ ಕೇಳಾಕತ್ತಾಳ?” ಎಂದು ಅವ್ವ ತಾನೇ ಕೇಳಿದಳು. “ಹೌದವ್ವ,” ಎಂದೆ. “ಎಲ್ಲಾ ಕಡೆ ಇದ್ದದ್ದ,” ಎಂದರು ಕಾಕೂ. ಚಿತ್ರ ಮುಗಿದ ಬಳಿಕ ಕಾಕೂ ತಮ್ಮ ಮನೆಗೆ ಹೋದರು. ನನ್ನ ಅಣ್ಣ ಪುಣೆಯಲ್ಲಿರುತ್ತಾನೆ. ಆ ವರ್ಷ ಪಂಚಮಿಗೂ ಬಂದಿರಲಿಲ್ಲ, ದೀಪಾವಳಿಗೂ ಬಂದಿರಲಿಲ್ಲ. “ಪುಣೇಕ ಫೋನ್ ಹಚ್ಚು,” ಎಂದಳು ಅವ್ವ. ಹಚ್ಚಿಕೊಟ್ಟೆ. ಮಳೆಯಾಯಿತೇ, ಹುಡುಗನ ಕೆಮ್ಮು ಕಡಿಮೆಯಾಯಿತೇ, ನೆಲ್ಲಿಕಾಯಿಯ ಉಪ್ಪಿನಕಾಯಿ ಮುಟ್ಟಿತೇ ಎಂದು ಕೇಳಿ ಫೋನು ಇಟ್ಟಳು. ಚಿತ್ರದ ಮಾತನ್ನು ಎತ್ತಲೇ ಇಲ್ಲ.

ಸಾಹಿತ್ಯದ ಪಾಠ ಹೇಳುವವನಿಗೆ ಆ ಸಂಜೆ ಒಂದು ತಲೆನೋವನ್ನೂ ತಂದಿಟ್ಟಿತು. ಒಂದು ಡಿವಿಡಿಯಲ್ಲಿ ೮ ಧ್ವನಿಪಥಗಳಿಗೂ ೩೨ ಅಡಿಬರಹಗಳಿಗೂ ಎಡೆಯಿದೆ. ಮೂವತ್ತೆರಡು ಪೀಠಗಳು! ನನ್ನ ಕಪಾಟಿನಲ್ಲಿ ಇಂದು ಇರುವ ವಿದೇಶೀ ತಟ್ಟೆಗಳಲ್ಲಿ ಒಂದರಲ್ಲಿಯೂ ಕನ್ನಡಕ್ಕೆ ಪೀಠವಿಲ್ಲ. ಇಂಗ್ಲಿಷಿನ ಮೂಲಕವೇ ಹೋಗಬೇಕು. ಇಂಗ್ಲಿಷಿಗೋ ಮಧ್ಯಮಪುರುಷಕ್ಕೆ ಒಂದೇ ಸರ್ವನಾಮ. ಜಪಾನೀ ಭಾಷೆ ಗೌರವದ ಮಜಲುಗಳಿಂದ ತುಂಬಿದ್ದು. ಕನ್ನಡದಲ್ಲಿಯೂ ನೀನು, ನೀವು, ತಾವುಗಳಿವೆ. ನಡುವಣ ಸೇತುವೆಯಲ್ಲಿ ಮಾತ್ರ ಒಂದೇ ಹಲಗೆ. ಮುದುಕ ಮುದುಕಿಯನ್ನು ಹೇಗೆ ಕರೆಯಬೇಕು? ಮಗ ತಂದೆಯೊಡನೆ ಏಕವಚನದಲ್ಲಿ ಮಾತನಾಡಬಹುದೇ? ನಮ್ಮ ಹಳ್ಳಿಗಳಲ್ಲಿ ಅಪ್ಪನನ್ನು ನೀ ಎನ್ನುವ ಮನೆಗಳೂ ಇವೆ, ನೀವು ಎನ್ನುವ ಮನೆಗಳೂ ಇವೆ. ಒಂದೇ ಓಣಿಯಲ್ಲಿ ಇವೆ. ಕ್ಷಣಕ್ಷಣಕ್ಕೂ ನಿರ್ಣಯ ಮಾಡುತ್ತ ಹೋಗಬೇಕು, ಪರದೆಯ ಮೇಲಿನ ಸಾಲು ಎರಡು ಮೂರು ಸೆಕೆಂಡಿಗೆ ಅಳಿಸಿಹೋಗುತ್ತಿರುತ್ತದೆ. ಭಾಷಾಂತರದ ಮೇಲೆ ನಾನು ಓದಿದ ಪುಸ್ತಕಗಳೆಲ್ಲ ಸೇರಿ ಈ ಒಂದು ಸಂಜೆಯಷ್ಟು ನನಗೆ ಕಲಿಸಿರಲಿಲ್ಲ.

ಈ ದಾರಿಯಲ್ಲಿ ಮೊದಲು ನಡೆದವರು ಹೆಗ್ಗೋಡಿನವರು. ಕೆ. ವಿ. ಸುಬ್ಬಣ್ಣನವರ ನೀನಾಸಮ್ ೧೯೪೯ರಲ್ಲಿ ಹುಟ್ಟಿದ ನಾಟಕದ ಸಂಘ. ೧೯೭೩ರಲ್ಲಿ ಅಲ್ಲಿ ಚಿತ್ರಸಮಾಜವೂ ಆರಂಭವಾಯಿತು. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಗಾರದಿಂದ ೧೬ ಮಿಲಿಮೀಟರಿನ ಸುರುಳಿಗಳನ್ನು ತರಿಸಿ, ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’ನಂಥ ಚಿತ್ರಗಳನ್ನು ಅಡಕೆ ತೋಟದ ಜನಕ್ಕೆ ತೋರಿಸಿದರು, ಕನ್ನಡದಲ್ಲಿ ವಿವರಿಸಿದರು, ಚಲಚ್ಚಿತ್ರದ ಮೇಲೆ ಕನ್ನಡ ಪುಸ್ತಕಗಳನ್ನೂ ತಂದರು. ಹಳ್ಳಿಯವನಿಗೆ ಇದು ತಿಳಿಯದೆಂಬ ಪೇಟೆಯ ಅಹಂಕಾರವನ್ನು ಅವರು ಮುರಿದ ರೀತಿಯನ್ನು ನಾನು ಬಲು ದೊಡ್ಡದೆಂದು ಭಾವಿಸುತ್ತೇನೆ. ಸುಬ್ಬಣ್ಣನವರಿಗೆ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ನಮ್ಮ ಕಡೆಗೆ ಅಂಥ ಸಂಸ್ಥೆಯಿಲ್ಲ. ಪುಣೆ ನಮಗೆ ಹೆಗ್ಗೋಡಿಗಿಂತ ಎಷ್ಟೋ ಹತ್ತಿರ. ಆದರೆ ನಾವು ಅಲ್ಲಿಂದ ತಂದದ್ದು ಹೆಚ್ಚಾಗಿ ಕೂಲಿಯ ಹಣ, ನೌಕರಿಯ ಕಾಗದ. ಯಂತ್ರದ ಬೀಗ ತೆರೆದ ಮೇಲೆ ನನ್ನ ಮನೆಯ ಪಡಸಾಲೆಯಲ್ಲಿ ಏಳೆಂಟು ವಿದ್ಯಾರ್ಥಿಗಳು ರವಿವಾರ ಕೂಡತೊಡಗಿದರು. ಹೆಗ್ಗೋಡಿನೆದುರು ಅದು ಹೆಸರಿಡುವಷ್ಟರದಲ್ಲ.

ಹುಡುಗರು ಡಿ ಸಿಕಾನ ಚಿತ್ರವನ್ನು ನೋಡಿದ ಬಗೆ ನನಗೆ ಹೊಸದಾಗಿತ್ತು. ರೋಮಿನ ಬಡವನೊಬ್ಬನಿಗೆ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಕೆಲಸಕ್ಕೆ ಸಾಯಕಲ್ಲು ಬೇಕು. ಅದನ್ನು ಒತ್ತೆಯಿಂದ ಬಿಡಿಸಲು ಹೆಂಡತಿ ಹಾಸಿಗೆಯ ಬಟ್ಟೆಗಳನ್ನು ಒತ್ತೆಯಿಡುತ್ತಾಳೆ. ಮೊದಲ ದಿನವೇ ಸಾಯಕಲ್ಲು ಕಳುವಾಗುತ್ತದೆ. ವಿಮರ್ಶಕರು ಇದರಲ್ಲಿ ಯುದ್ಧೋತ್ತರ ಇಟಲಿಯನ್ನು ಕಂಡಿದ್ದಾರೆ. ರಾಯಬಾಗದ ಕಡೆಯ ಹುಡುಗಿಯೊಬ್ಬಳು ಕಂಡದ್ದು ಒತ್ತೆಯಂಗಡಿಯ ಆ ಎತ್ತರದ ಕಪಾಟುಗಳನ್ನು, ಅಟ್ಟದವರೆಗೆ ಪೇರಿಸಿದ ಗಂಟುಗಳನ್ನು. “ಸರ, ಅಷ್ಟೂ ಮಂದಿ ಹಾಸಿಗಿ ಇಲ್ದ ಮಲಗ್ಯಾರೇನ್ರಿ?” ಎಂದು ಕೇಳಿದಳು. ಅವಳ ತಂದೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಮುಂಗಡ ಪಡೆದು ದುಡಿಯುವವರೆಂಬುದು ನನಗೆ ಆಮೇಲೆ ತಿಳಿಯಿತು.

ವಲಯದ ವಿಚಿತ್ರ ಪೂರ್ತಿಯಾಗಿ ಅರ್ಥವಾಗಬೇಕಾದರೆ ನಮ್ಮದೇ ಚಿತ್ರಗಳ ಗತಿಯನ್ನು ನೋಡಬೇಕು. ಸತ್ಯಜಿತ್ ರಾಯರ ಅಪು ಚಿತ್ರತ್ರಯದ ಮೂಲ ನೆಗೆಟಿವ್‌ಗಳು ೧೯೯೩ರಲ್ಲಿ ಲಂಡನ್ನಿನ ಒಂದು ಬೆಂಕಿಯಲ್ಲಿ ಸುಟ್ಟವು. ಉಳಿದ ಕರಿದ ಸುರುಳಿಗಳನ್ನು ಇಟಲಿಯ ಬೊಲೊನ್ಯಾದ ಪ್ರಯೋಗಶಾಲೆಯಲ್ಲಿ ಚೌಕ ಚೌಕವಾಗ ಜೋಡಿಸಿ, ಇತರ ಪ್ರತಿಗಳ ನೆರವಿನಿಂದ ಪುನರುದ್ಧಾರ ಮಾಡಿದರು. ೨೦೧೫ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಅದನ್ನು ಬ್ಲೂರೇ ತಟ್ಟೆಯಾಗಿ ಹೊರತಂದಿತು. ಬ್ಲೂರೇಯಲ್ಲಿ ವಲಯಗಳು ಮೂರೇ: ಎ, ಬಿ, ಸಿ. ಅಮೆರಿಕದ ಅಕ್ಷರ ಎ, ಭಾರತದ್ದು ಸಿ. ಬಂಗಾಳದ ನಿಶ್ಚಿಂದಿಪುರದ ಹುಡುಗನನ್ನು ಭಾರತದ ಯಂತ್ರ ಗುರುತಿಸದು! ಕನ್ನಡದ ‘ಘಟಶ್ರಾದ್ಧ’ಕ್ಕೂ ಅದೇ ಬೊಲೊನ್ಯಾದಲ್ಲಿ ಮರುಜೀವ ಬಂದಿದೆ. ಗಿರೀಶ ಕಾಸರವಳ್ಳಿಯವರ ಈ ೧೯೭೭ರ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿನವರೂ ಮಾರ್ಟಿನ್ ಸ್ಕೊರ್ಸೇಸಿಯವರ ಸಂಸ್ಥೆಯವರೂ ಕೂಡಿ ಪುನರುದ್ಧರಿಸಿದರು; ೨೦೨೪ರಲ್ಲಿ ವೆನಿಸ್ಸಿನ ಉತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಸಂತೋಷಪಡಬೇಕಾದದ್ದೇ. ಅದನ್ನು ಇಟಲಿಯವರು ಕಂಡ ಸ್ಪಷ್ಟತೆಯಲ್ಲಿ ನನ್ನ ವಿದ್ಯಾರ್ಥಿಗಳಿಗೆ ತೋರಿಸುವ ಯೋಗ ನನಗಿನ್ನೂ ಬಂದಿಲ್ಲ.

ಈಗ ತಟ್ಟೆಗಳ ಕಾಲವೇ ಮುಗಿಯುತ್ತ ಬಂದಿದೆ. ಅಮೆರಿಕದ ನೆಟ್‌ಫ್ಲಿಕ್ಸ್ ಸಂಸ್ಥೆ ೧೯೯೮ರಿಂದ ಅಂಚೆಯ ಮೂಲಕ ೫೦೦ ಕೋಟಿಗೂ ಹೆಚ್ಚು ತಟ್ಟೆಗಳನ್ನು ಕಳಿಸಿ, ೨೦೨೩ರ ಸೆಪ್ಟೆಂಬರಿನಲ್ಲಿ ಆ ಬಾಗಿಲನ್ನು ಮುಚ್ಚಿತು. ಎಲ್ಲವೂ ಆಕಾಶಮಾರ್ಗವಾಗಿ ಫೋನಿಗೆ ಬರುವಾಗ ಈ ಪೆಟ್ಟಿಗೆಯೇಕೆ ಸರ ಎಂದು ಹುಡುಗರು ಕೇಳುತ್ತಾರೆ. ವಲಯಗಳು ಆಕಾಶದಲ್ಲಿಯೂ ಇವೆ. ನೀವು ಯಾವ ದೇಶದಲ್ಲಿ ಕುಳಿತಿರುವಿರೆಂಬುದನ್ನು ಆ ಯಂತ್ರಗಳು ತಾವಾಗಿಯೇ ಅರಿತು, ಕಪಾಟನ್ನು ಅದಕ್ಕೆ ತಕ್ಕಂತೆ ಬದಲಿಸುತ್ತವೆ. ಇವತ್ತು ಕಂಡ ಚಿತ್ರ ಹಕ್ಕಿನ ಅವಧಿ ಮುಗಿದೊಡನೆ ನಾಳೆ ಕಾಣುವುದಿಲ್ಲ. ಅಲ್ಲಿ ಅಂಕೆಯನ್ನು ಸೊನ್ನೆ ಮಾಡಿಕೊಡುವ ನಿಪ್ಪಾಣಿಯ ತರುಣನಿಲ್ಲ. ಅವನಾದರೂ ಈಗ ಮೊಬೈಲುಗಳ ರಿಪೇರಿಗಿಳಿದಿದ್ದಾನೆ. ಕಳೆದ ವರ್ಷ ನನ್ನ ಯಂತ್ರದ ಮಸೂರ ಮಂಕಾಗಿ, ತಟ್ಟೆಗಳನ್ನು ಅರ್ಧದಲ್ಲಿ ಉಗುಳತೊಡಗಿದಾಗ ಅವನೇ ಗುಜರಿಗೆ ಬಂದ ಎರಡು ಯಂತ್ರಗಳನ್ನು ಬಿಚ್ಚಿ ಒಂದರ ಕಣ್ಣನ್ನು ನನ್ನದಕ್ಕೆ ಕೂಡಿಸಿಕೊಟ್ಟ. “ಇದೊಂದ ಜೋಡಿ ಇತ್ರಿ ಸರ. ಮುಂದ ಸಿಗಂಗಿಲ್ಲ,” ಎಂದು ಸ್ಪಷ್ಟವಾಗಿ ಹೇಳಿದ್ದಾನೆ.

ಆದ್ದರಿಂದ ಕೆಲಸವನ್ನು ಚುರುಕುಗೊಳಿಸಿದ್ದೇನೆ. ಎಂ. ಎ. ಓದುತ್ತಿರುವ ಮೂವರು ಹಳೆಯ ವಿದ್ಯಾರ್ಥಿಗಳು ರವಿವಾರಗಳಲ್ಲಿ ಬಂದು, ಓಝುವಿನ ಚಿತ್ರದ ಮಾತುಗಳನ್ನು ತಮ್ಮ ಅಭ್ಯಾಸಕ್ಕೆಂದು ವಹಿಯಲ್ಲಿ ಕನ್ನಡಕ್ಕೆ ಇಳಿಸುತ್ತಿದ್ದಾರೆ. ಗ್ರಂಥಗಳ ಕನ್ನಡಕ್ಕಲ್ಲ, ಈ ಸೀಮೆಯ ಕನ್ನಡಕ್ಕೆ. ಶೇಡಬಾಳದ ಮಿರ್ಜಿ ಅಣ್ಣಾರಾಯರು ‘ನಿಸರ್ಗ’ದಲ್ಲಿ ಇಲ್ಲಿಯ ಮನೆಗಳ ಮಾತನ್ನು ಕಾದಂಬರಿಗೆ ತಂದವರು, ಹಿರಿಯರ ಸಂಭಾಷಣೆ ಎಲ್ಲಿಯಾದರೂ ಎಡವಿದರೆ ಆ ಪುಸ್ತಕವನ್ನು ತೆರೆದು ನೋಡುತ್ತೇವೆ. ಮುದುಕಿ ತೀರಿಕೊಂಡ ಮುಂಜಾನೆ ಮುದುಕ ಹೊರಗೆ ನಿಂತು ಸೂರ್ಯೋದಯದ ಬಗೆಗೆ ಸೊಸೆಗೆ ಒಂದು ಮಾತನ್ನು ಹೇಳುತ್ತಾನೆ. ಅಲ್ಲಿಯವರೆಗೆ ಬಂದಿದ್ದೇವೆ. ಸೊಸೆಯನ್ನು ಆತ ಹೆಸರು ಹಿಡಿದು ಕರೆಯಬೇಕೋ, ಯವ್ವಾ ಎನ್ನಬೇಕೋ ಎಂಬುದರಲ್ಲಿ ಮೂವರಿಗೂ ಮೂರು ಅಭಿಪ್ರಾಯ. ಬರುವ ರವಿವಾರ ಕಾಕೂ ಅವರನ್ನು ಕರೆದು ಕೇಳುವುದೆಂದು ಗೊತ್ತಾಗಿದೆ.